ಸಹನೆಯ ಬಿಲ್ಲೆ ತೊಟ್ಟ ಇಂದುಬಾಯಿ

ಕಲಬುರಗಿ, ಎರಡನೆಯ ಮೇ, ೨೧೮೭

ನಮಗಿಂತ ಬಹಳ ಮೊದಲು ಓದಿದ ವಿದ್ಯಾರ್ಥಿಗಳೇ,

ನನ್ನ ಮಾತು ವಿಚಿತ್ರವೆನಿಸಿದರೆ ಮನ್ನಿಸಿ. ಬೇಸಿಗೆ ಹಿಗ್ಗಿದ ಮೇಲೆ ನಾವು ಮೇ ತಿಂಗಳನ್ನು ಎರಡು ಸಲ ಎಣಿಸುತ್ತೇವೆ. ಆಗ ವಿಶ್ವವಿದ್ಯಾಲಯದಲ್ಲಿ ‘ಬಿಸಿಲುಬಂದಿ’ ಜಾರಿಯಾಗುತ್ತದೆ. ಹಗಲಿನಲ್ಲಿ ಯಾರೂ ಹಾಸ್ಟೆಲ್ ಬಿಟ್ಟು ಹೊರಡುವಂತಿಲ್ಲ. ಕಿಟಕಿಗೆ ಒದ್ದೆ ಗೋಣಿ, ಊಟಕ್ಕೆ ತಣ್ಣನೆಯ ಜೋಳದ ಅಂಬಲಿ, ಪಾಠವೆಲ್ಲ ಗೋಡೆಯ ಪರದೆಯ ಮೇಲೆ. ಕಾಲೇಜು ಸೇರಿದ ದಿನವೇ ನಮ್ಮನ್ನು ಪರೀಕ್ಷಿಸಿ, ಸ್ವಭಾವದಲ್ಲಿ ಯಾವ ಬಲವಿದೆಯೋ ಅದನ್ನು ಕೆತ್ತಿದ ‘ಗುಣಬಿಲ್ಲೆ’ಯನ್ನು ಅಂಗಿಗೆ ಚುಚ್ಚುತ್ತಾರೆ. ಕಷ್ಟಕಾಲದಲ್ಲಿ ಮನಸ್ಸು ಕುಸಿಯದಿರಲಿ ಎಂಬುದು ಹಿರಿಯರ ಆಸೆ. ನನ್ನದು ಕುತೂಹಲ. ನನ್ನ ಕೋಣೆಯ ಗೆಳತಿ ಇಂದುಬಾಯಿಯದು ಸಹನೆ.

ಹಾಗಾಗಿ ಅಳುವವರೆಲ್ಲ ಅವಳ ಮಂಚಕ್ಕೇ ಬರುತ್ತಿದ್ದರು. ಈ ಸಲ ನದಿ ಬತ್ತಿ ಅವಳ ಊರನ್ನೇ ಖಾಲಿ ಮಾಡಿಸಿದರು. ಶಿಬಿರಕ್ಕೆ ಹೋದ ತಾಯಿಯ ಸುದ್ದಿ ಬರಲಿಲ್ಲ. ಇಂದುಬಾಯಿ ಯಾರಿಗೂ ಹೇಳಲಿಲ್ಲ. ತಲೆ ಬಾಚುವುದನ್ನು ಬಿಟ್ಟಳು. ಆಪ್ತಸಲಹೆಗಾರ್ತಿ ಬಾಗಿಲಲ್ಲೇ ನಿಂತು ಅವಳ ಬಿಲ್ಲೆ ನೋಡಿ, “ನಿನ್ನ ಚಿಂತಿಲ್ಲವ್ವ, ನೀ ತಡ್ಕೋತಿ” ಎಂದು ಮುಂದಿನ ಕೋಣೆಗೆ ಹೋದರು.

ನನಗೆ ಕೂತಲ್ಲಿ ಕೂರಲಾಗಲಿಲ್ಲ.

“ಇಂದೂ, ಅಂಬಲಿ ಯಾಕ ಚೆಲ್ಲಿದಿ?”

“ಹಸಿವಿಲ್ಲ.”

“ನಿನ್ನೀನೂ ಇರಲಿಲ್ಲಲ್ಲ?”

“ನಿಂಗ ಬ್ಯಾರೆ ಕೆಲಸ ಇಲ್ಲೇನು ಚಂದಮ್ಮ?”

“ಇಲ್ಲ. ಬಾಗಿಲಾ ಹಾಕ್ಯಾರ, ಎಲ್ಲಿಗಿ ಹೋಗ್ಲಿ?”

ಅವಳು ನಕ್ಕಳು. ನಗು ನಡುವೆಯೇ ಮುರಿಯಿತು.

“ನಮ್ಮವ್ವ ಅದಾಳೋ ಇಲ್ಲೋ ಗೊತ್ತಿಲ್ಲ. ಎಲ್ಲಾರೂ ನನ್ನ ಹಂತ್ಯಾಕೇ ಬಂದು ಅಳ್ತಾರ. ನಾ ಯಾರ ಹಂತ್ಯಾಕ ಹೋಗ್ಲಿ?”

ಸಂಜೆ ಬಾಗಿಲು ತೆರೆದೊಡನೆ ಅವಳ ಕೈ ಹಿಡಿದು ಸಲಹೆಗಾರ್ತಿಯ ಬಳಿಗೆ ಕರೆದೊಯ್ದೆ. ಅವರು ಎಲ್ಲವನ್ನೂ ಕೇಳಿ, ಶಿಬಿರಕ್ಕೆ ಕರೆ ಮಾಡತೊಡಗಿದರು. ಅಳಲು ಬರುತ್ತಿದ್ದ ಹುಡುಗಿಯರು ಈಗ ಸರದಿಯಂತೆ ಇಂದುವಿನ ಪಕ್ಕ ಕೂರುತ್ತಾರೆ. ಅವಳು ಅಳುತ್ತಾಳೆ, ಸಿಟ್ಟಾಗುತ್ತಾಳೆ, ಅರ್ಧ ಬಟ್ಟಲು ಉಣ್ಣುತ್ತಾಳೆ. ಶಿಬಿರದಿಂದ ಇನ್ನೂ ಉತ್ತರವಿಲ್ಲ. ಇದನ್ನು ಬರೆಯುವಾಗಲೂ ನನ್ನ ಕಿವಿ ಆ ಕರೆಯತ್ತಲೇ ಇದೆ.

ನಿಮ್ಮಲ್ಲಿ ಬಿಲ್ಲೆಗಳಿಲ್ಲ, ನಿಜ. ಆದರೂ ‘ಅವಳು ಗಟ್ಟಿ’ ಎಂದು ನೀವೆಲ್ಲ ನಿಶ್ಚಿಂತರಾಗಿರುವ ಒಬ್ಬಳಾದರೂ ಇರಬೇಕು. ಇವತ್ತೇ ಹೋಗಿ ಕೇಳಿ. ಚೆನ್ನಾಗಿದ್ದೇನೆ ಎನ್ನುತ್ತಾಳೆ. ಅಷ್ಟಕ್ಕೇ ಎದ್ದು ಬರಬೇಡಿ.