ಮುಂಗುಸಿಯ ಶಕುನ

೨೧-೨-೧೯೩೯, ಮಂಗಳವಾರ, ಭದ್ರಾವತಿ

ಬೆಳಗಿನ ಸಿಟ್ಟು ಇನ್ನೂ ಇಳಿದಿಲ್ಲ. ಮೂರು ವಾರ ಹೇಂಟೆಯನ್ನು ಕಾವಿಗೆ ಕೂರಿಸಿ ಒಂಬತ್ತು ಮರಿ ಮಾಡಿಸಿದ್ದೆ. ನಾನು ಬಾವಿಗೆ ಹೋಗಿದ್ದಾಗ ಮುಂಗುಸಿ ನುಗ್ಗಿ ಐದನ್ನು ಕೊಂದುಹಾಕಿತು. ಹೇಂಟೆಯ ಅರಚಾಟ ಕೇಳಿ ಓಡಿಬಂದರೆ, ಕಾರ್ಖಾನೆಗೆ ಹೊರಟ ನಮ್ಮ ಯಜಮಾನರು ಬಾಗಿಲಲ್ಲೇ ಕೈಮುಗಿದು ನಿಂತಿದ್ದಾರೆ!

"ಒಂದ್ ಕಲ್ಲಾದ್ರೂ ಎಸೀಬಾರ್ದಿತ್ತಾ?" ಅಂದೆ.

"ಹೊರಟಾಗ ಮುಂಗುಸಿ ಕಂಡ್ರೆ ಒಳ್ಳೇ ಶಕುನ ಕಣೇ ಮಾರಾಯ್ತಿ. ಅದಕ್ಕೆ ಯಾರಾದ್ರೂ ಕಲ್ಲು ಹೊಡೀತಾರಾ? ಇವತ್ತು ಬಡ್ತಿ ಸಿಕ್ಕೇ ಸಿಗುತ್ತೆ!"

ಸಂಜೆ ಮುಖ ಇಳಿಬಿಟ್ಟುಕೊಂಡು ಬಂದರು. ಬಡ್ತಿಯೂ ಇಲ್ಲ, ಗಿಡ್ತಿಯೂ ಇಲ್ಲ.

ಹೇಂಟೆ ಉಳಿದ ನಾಲ್ಕನ್ನು ರೆಕ್ಕೆಯೊಳಗೆ ಇಟ್ಟುಕೊಂಡು ಇನ್ನೂ ಕರೆಯುತ್ತಲೇ ಇದೆ.

ಶಕುನವಂತೆ! ಫಲಿಸಿದ್ದು ಆ ಮುಂಗುಸಿಗೆ. ಬೇಟೆಗೆ ಹೊರಟಾಗ ಅದಕ್ಕೆ ಇವರ ಮುಖ ಕಂಡಿತ್ತಲ್ಲ.