ಉಸ್ಮಾನಸಾಬರಿಗೆ ಕಳಿಸಿದ ನೋಟಿಸು

ಏಪ್ರಿಲ್ 14, 2020

…ಹಾಗಾದರೆ ಕೊರೊನಾನೂ ಲೆಕ್ಕಕ್ಕೆ ಬರುತ್ತದೆ. ಫೇಸ್‌ಬುಕ್‌ನ ಕಾನೂನು ಗ್ರೂಪ್‌ನಲ್ಲಿ ಅಡ್ಮಿನ್ ಸರ್ ಬರೆದ ಥ್ರೆಡ್ ಮತ್ತೆ ಓದಿದೆ. ಫೋರ್ಸ್ ಮೆಜೂರ್ — ಕೈಮೀರಿದ ಆಪತ್ತು ಬಂದರೆ ಮಾಲು ಕಳಿಸದಿದ್ದರೂ ಕಂಪನಿ ಹೊಣೆಯಲ್ಲ. ಎಷ್ಟು ಚೆಂದ ಬರೆಯುತ್ತಾರೆ. ಹಾರ್ಟ್ ಒತ್ತಿದೆ. ಎರಡನೇದು ಒತ್ತಲು ಬರುವುದಿಲ್ಲ.

ನಮ್ಮ ಆಳಂದದ ಬೇಳೆ ಮಿಲ್ಲಿಗೆ ಹೇಳಿ ಬರೆಸಿದಂತಿದೆ. ಜಿಡಗಾದ ಕೂಲಿಯವರು ಬರುತ್ತಿಲ್ಲ. ಗಡಿ ಬಂದ್. ಸೊಲ್ಲಾಪುರದ ಉಸ್ಮಾನಸಾಬರಿಗೆ ರಂಜಾನ್ ಒಳಗೆ ಬೇಳೆ ಮುಟ್ಟಬೇಕು. ದೊಡ್ಡ ಗಿರಾಕಿ ಅವರೊಬ್ಬರೇ. ಅವರು ಹೋದರೆ ಮಿಲ್ಲಿಗೆ ಬೀಗ. ನನ್ನ ಕಂಪ್ಯೂಟರ್ ಕೆಲಸಕ್ಕೂ.

ಮಾಲಕಿ ಶಿವಕಾಂತಕ್ಕನನ್ನು ಕೇಳಿದೆ, "ಅಗ್ರಿಮೆಂಟ್ ಎಲ್ಲೈತ್ರಿ ಅಕ್ಕಾರ?"

"ಎಂಥಾ ಅಗ್ರಿಮೆಂಟ್ ಬೇ ಮಿನಾಜಾ? ಫೋನಿನ್ಯಾಗ ಮಾತಾಡೇವಿ. ಅವರ ಬಾರದಾನ ಬಂದು ಬಿದ್ದೈತಲ್ಲ."

ಬಾರದಾನ ಅಂದರೆ ಖಾಲಿ ಚೀಲ, ಸಾಬರ ಗುರುತು ಹೊಡೆದದ್ದು. ಚೀಲ ಬಂತೆಂದರೆ ಸೌದಾ ಆಯಿತು. ಇದು ಕರಾರಂತೆ. ನಗು ಬಂತು.

ಏಪ್ರಿಲ್ 15

ಕಳಿಸಿಬಿಟ್ಟೆ. "ತಡ ಆಗ್ತೈತಂತ ಒಂದು ಕಾಗದ ಕಳಿಸ್ಲ್ಯಾ?" ಎಂದು ಕೇಳಿದ್ದೆ. ಅಕ್ಕ ಹೂಂ ಅಂದರು. ಕಳಿಸಿದ್ದು ಮಾತ್ರ ನೋಟಿಸು, ಥ್ರೆಡ್‌ನ ಮಾದರಿ. 'ಕರಾರು ಪಾಲಿಸುವ ಹೊಣೆಯಿಂದ ನಾವು ಮುಕ್ತರು.' ಸಾಬರ ವಾಟ್ಸಾಪ್‌ನಲ್ಲಿ ನೀಲಿ ಟಿಕ್ ಬಂತು. ನೋಟಿಸನ್ನು ಗ್ರೂಪ್‌ನಲ್ಲೂ ಹಾಕಿದೆ. ಅಡ್ಮಿನ್ ಸರ್ ಥಂಬ್ ಕೊಟ್ಟರು. ನನಗೆ.

ಏಪ್ರಿಲ್ 18

ಸಾಬರ ವಾಯ್ಸ್ ಮೆಸೇಜ್ ಬಂತು. ಅಕ್ಕ ಸ್ಪೀಕರ್‌ಗೆ ಹಾಕಿದರು. "ಶಿವಕಾಂತಾಬಾಯಿ, ನಿಮ್ಮ ಯಜಮಾನ್ರು ಇದ್ದಾಗಿಂದ ಮಾತಿನ ಮ್ಯಾಲೆ ನಡದೈತಿ. ತಡ ಅಂದಿದ್ರ ನಾ ಒಲ್ಲೆ ಅಂತಿದ್ನೇನ್ರಿ? ನಮ್ಮ ಬಾರದಾನ ವಾಪಸ್ ಕಳಿಸ್ರಿ."

ಚೀಲ ಖಾಲಿ ವಾಪಸಾದರೆ ಸಂಬಂಧ ಮುಗಿದಂತೆ. ಇಲ್ಲಿ ಎಲ್ಲರಿಗೂ ಗೊತ್ತು. ನನಗೂ ಗೊತ್ತಿತ್ತು.

"ಏನ್ ಬರದಿ ಬೇ?" ಓದಿ ಹೇಳಿದೆ. ಬೈಯಲಿಲ್ಲ. "ಬೀಗರ ಮನಿಗೆ ಪೊಲೀಸ್ರನ್ನ ಕಳಿಸಿದಂಗ ಆತು" ಅಂದರು ಅಷ್ಟೆ.

ಏಪ್ರಿಲ್ 21

ಆಹಾರದ ಲಾರಿಗೆ ಪಾಸ್ ಸಿಕ್ಕಿತು. ಓಣಿಯವರನ್ನು ಕರೆದು ಮಷಿನ್ ಓಡಿಸಿದೆವು. ಸಾಬರ ಚೀಲಕ್ಕೇ ಬೇಳೆ ತುಂಬಿಸಿದರು ಅಕ್ಕ. ತಡೆದೆ — ನೋಟಿಸು ಕೊಟ್ಟ ಮೇಲೆ ಅವರು ಬೇಡ ಅನ್ನಬಹುದು, ನಷ್ಟವೆಲ್ಲ ನಮ್ಮದೇ, ಅಡ್ಮಿನ್ ಸರ್ ಹೇಳಿದ್ದಾರೆ.

"ನಿಮ್ಮ ಸರ್ ಬ್ಯಾಳಿ ಉಣ್ತಾರೋ, ಬರೇ ಥ್ರೆಡ್ ಉಣ್ತಾರೋ? ಸಾಬರು ಬಾರದಾನ ಕೇಳ್ಯಾರ. ಖಾಲಿ ಕಳಿಸ್ರಿ ಅಂದಿಲ್ಲ."

"ತೊಗೊಳ್ಳಿಲ್ಲಂದ್ರ?"

"ನೀ ಮಾತಾಡು. ಬರದಾಕಿ ನೀ."

ಏಪ್ರಿಲ್ 22, ಮಧ್ಯಾಹ್ನ

ಡ್ರೈವರ್ ಮಲಂಗಸಾಬ ಸೊಲ್ಲಾಪುರದಿಂದ ಫೋನ್ ಮಾಡಿದ. "ಸಾಬರು ಲಾರಿ ನೋಡ್ಕೋತ ನಿಂತಾರ. ಇಳಸು ಅನ್ನವಲ್ರು, ಒಯ್ಯಿ ಅನ್ನವಲ್ರು."

ಆಮೇಲೆ ಅವರದೇ ದನಿ. "ನೋಟಿಸ್ ಬರದಾಕಿ ನೀನೇನು ಬೇಟಿ?"

"ಹೌದ್ರಿ."

"ನಿಮ್ಮ ಕಡಿಂದ ಎರಡು ಬಂದಾವ. ಒಂದು ನೋಟಿಸು, ಒಂದು ಲಾರಿ. ಯಾವ್ದು ಖರೇ? ನಮಾಜ್ ಮುಗಿಸಿ ಫೋನ್ ಮಾಡ್ತೇನಿ. ಇಚಾರ ಮಾಡಿ ಹೇಳು."

ಲಾರಿ ಖರೆ ಅಂದರೆ, ನಾಳೆ ಗಡಿ ಮತ್ತೆ ಬಂದ್ ಆದಾಗ ಆ ನೋಟಿಸು ರದ್ದಿ, ಮಾಲು ಮುಟ್ಟದಿದ್ದರೆ ಹೊಣೆಯೆಲ್ಲ ನಮ್ಮ ತಲೆಗೆ. ನೋಟಿಸು ಖರೆ ಅಂದರೆ ಬೇಳೆ ವಾಪಸ್, ಮಿಲ್ಲಿಗೆ ಬೀಗ. ಗ್ರೂಪ್‌ನಲ್ಲಿ ಕೇಳಿದೆ. ಅಡ್ಮಿನ್ ಸರ್ ಟೈಪಿಂಗ್… ಟೈಪಿಂಗ್… ನಿಂತಿತು.

ಫೋನ್ ರಿಂಗಾಗುತ್ತಿದೆ, ಸಾಬರದೇ. ಅಕ್ಕ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಾರೆ. ಈ ಡೈರಿಯನ್ನು ಕದ್ದು ಓದುವವರು ಯಾರೇ ಇರಿ, ಹೇಳಿ ನೋಡೋಣ — ನೀವಾಗಿದ್ದರೆ ಯಾವುದು ಖರೆ ಅಂತಿದ್ದಿರಿ?