ಮದುವೆಯ ನೀರು ಕುಡಿದ ಕಲ್ಲುಕೊಂಬು

ಕೊಪ್ಪಳದ ಮರಳು
ಬೇಸಿಗೆಯ ತೊಂಬತ್ತೆರಡನೇ ವಾರ, ಕ್ರಿ.ಶ. ೨೩೯೧

ಹಳೆಯ ಕಾಲದ ಪ್ರಿಯರೇ,

ನಾನು ಓದಿದ್ದು ಇಂಗ್ಲಿಷಿನಲ್ಲಿ; ಕನ್ನಡ ಬರೆಯಲು ಕಲಿಸಿದವನು ಗವಿಸಿದ್ಧ. ಪದಗಳು ವಿಚಿತ್ರ ಅನಿಸಿದರೆ ಕ್ಷಮಿಸಿ. ಗವಿಸಿದ್ಧ ನನ್ನ ಗಂಡ. ಮದುವೆಯಾಗಿ ತಿಂಗಳೂ ತುಂಬಿಲ್ಲ, ‘ನನ್ನ ಗಂಡ’ ಎಂದು ಬರೆಯುವಾಗಲೆಲ್ಲ ನಗು ಬರುತ್ತದೆ. ಅವನು ನಕ್ಕರೆ ಎಡಗೆನ್ನೆಯಲ್ಲಿ ಮಾತ್ರ ಕುಳಿ ಬೀಳುತ್ತದೆ. ಇದನ್ನು ಯಾರಿಗಾದರೂ ಹೇಳಲೇಬೇಕಿತ್ತು.

ನಮ್ಮಲ್ಲಿ ಮದುಮಗಳು ತವರಿನಿಂದ ಒಂದು ಗಿಡ ತರಬೇಕು, ಗಂಡನ ಊರಿನಲ್ಲಿ ಇಲ್ಲದ್ದು. ಅದಕ್ಕೆ ‘ಜೊತೆಗಿಡ’ ಎನ್ನುತ್ತೇವೆ. ಅಜ್ಜಿಯ ಕಾಲದಲ್ಲಿ ತಂಗಡಿಯೋ ಕಾರೆಯೋ ಉತ್ತರಾಣಿಯೋ ಎಂದು ಹುಡುಗಿಯರು ಆರಿಸುತ್ತಿದ್ದರಂತೆ. ನನಗೆ ಆರಿಸಲು ಏನೂ ಉಳಿದಿರಲಿಲ್ಲ. ನಾನು ತಂದದ್ದು ಕಲ್ಲುಕೊಂಬು: ಬಂಡೆಯ ಸಂದಿಯಲ್ಲಿ ಬೆಳೆಯುವ, ಎಲೆಯಿಲ್ಲದ, ಬೆರಳುದ್ದದ ಕಾಂಡಗಳ ಗುಂಪು. ಒಂದು ತುಂಡು ಅಗಿದರೆ ದಿನವಿಡೀ ಹಸಿವು ಬಾಯಾರಿಕೆ ಕಾಡುವುದಿಲ್ಲ. ಮರಳು ದಾಟಿ ದೂರದ ಕಂದಕದಿಂದ ನೀರು ತರಲು ಹೋಗುವವರು ಅದನ್ನು ನಂಬಿಯೇ ಹೋಗುತ್ತಾರೆ. ಎಲ್ಲೆಡೆ ಮುಗಿದು, ನಮ್ಮ ತವರಿನ ಬಂಡೆಯಲ್ಲಿದ್ದದ್ದೇ ಕೊನೆಯದು. ಬುಡಸಮೇತ ಎತ್ತಿ ತಂದೆವು.

ಮದುವೆಗೆ ಎಷ್ಟೊಂದು ಜನ! ಪ್ರತಿಯೊಬ್ಬರೂ ತಮ್ಮ ಪಾಲಿನ ಕುಡಿಯುವ ನೀರಿನಲ್ಲಿ ಒಂದೊಂದು ಬೊಗಸೆ ಜೊತೆಗಿಡದ ಬುಡಕ್ಕೆ ಹಾಕಿ ಹರಸಿದರು. ಅಂಥ ಪ್ರೀತಿ ನಾನು ಕಂಡಿರಲಿಲ್ಲ. ಕಣ್ಣು ತುಂಬಿ ಬಂತು. ನನ್ನ ಅತ್ತೆ ದ್ಯಾಮವ್ವ ಮಾತ್ರ, “ಸಾಕು ಬಿಡ್ರಿ, ಅದು ನೀರ ಕುಡಿಯೂ ಗಿಡ ಅಲ್ಲ,” ಅಂದರು.

“ಸೊಸಿ ಗಿಡಕ್ಕ ನೀರ ಹಾಕಿದ್ರ ನಿನಗ್ಯಾಕ ಉರೀತೈತಿ ದ್ಯಾಮವ್ವ?” ಎಂದು ನೆರೆಯವಳೊಬ್ಬಳು ಕೆಣಕಿದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಅತ್ತೆ ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

ವಾರದೊಳಗೆ ಬುಡ ಮೆತ್ತಗಾಗಿ ಕಪ್ಪಾಯಿತು. ಕೊಳೆಯದ ತುದಿಗಳನ್ನು ಕತ್ತರಿಸಿ ಬೇರೆ ಕಡೆ ನೆಟ್ಟೆವು, ಅವೂ ಕೊಳೆತವು. ಊರಿನ ನೀರು ಮದುವೆಯಲ್ಲೇ ಖರ್ಚಾಗಿದ್ದರಿಂದ ಗವಿಸಿದ್ಧ ಇವತ್ತು ಬೆಳಿಗ್ಗೆಯೇ ಕಂದಕಕ್ಕೆ ಹೊರಡಬೇಕಾಯಿತು, ಅಗಿಯಲು ಏನೂ ಇಲ್ಲದೆ. “ಬಾಯಾಗ ಒಂದು ಹರಳ ಇಟ್ಕೊಂಡು ಹೋಗ್ತೀನಿ ಬಿಡ, ಸಾವಂತ್ರಿ,” ಅಂದ. ಕಲ್ಲನ್ನು ಚೀಪುತ್ತಾ ಆ ಮರಳು ದಾಟಿದವರನ್ನು ನಾನು ಈವರೆಗೆ ಕಂಡಿಲ್ಲ.

ನಿಮ್ಮ ಮೇಲೆ ನಮಗೆಲ್ಲ ಸಿಟ್ಟಿತ್ತು. ಈ ನೆಲವನ್ನು ಬೀಳು ಎಂದು ಕರೆದು, ಗುಂಡಿ ತೋಡಿ, ಸಾಲಾಗಿ ಮರ ನೆಟ್ಟು ನೀರುಣಿಸಿದಿರಂತೆ. ಆ ನೆರಳಿನಲ್ಲಿ ನಮ್ಮ ಸಣ್ಣ ಗಿಡಗಳು ಸತ್ತವು. ನೀರು ನಿಂತಾಗ ಮರಗಳೂ ಸತ್ತವು. ಹಿಡಿಯಲು ಬೇರಿಲ್ಲದೆ ಮಣ್ಣು ಹಾರಿಹೋಯಿತು. ನೀವೂ ಹರಸುತ್ತಲೇ ನೀರು ಹಾಕಿರಬೇಕು ಎಂದು ಈಗ ಅನಿಸುತ್ತದೆ.

ದಯವಿಟ್ಟು, ಬಂಡೆಯ ಸಂದಿಯಲ್ಲಿ ಒಣಗಿದಂತೆ ಕಾಣುವ ಗಿಡವೊಂದು ಸಿಕ್ಕರೆ ಅದಕ್ಕೆ ಏನನ್ನೂ ಕೊಡಬೇಡಿ. ಮುಟ್ಟದೆ ಮುಂದೆ ಹೋಗಿ.

ನಿಮ್ಮ
ಸಾವಂತ್ರಿ